ಬಾಗಿಲಲ್ಲಿ ನಿಂತವರ ಅಹವಾಲು: ವೃತ್ತಿ ಸನ್ನದು, ನಿರಾಕರಣೆ, ಮೇಲ್ಮನವಿ



ಕಾನೂನು ಕಾಲೇಜಿನಲ್ಲಿ ದತ್ತಿ ಉಪನ್ಯಾಸವೆಂದರೆ ಸಂವಿಧಾನದ ಮೂಲರಚನೆ, ನ್ಯಾಯಾಂಗದ ಸ್ವಾತಂತ್ರ್ಯ ಮೊದಲಾದ ಭಾರೀ ವಿಷಯಗಳನ್ನು ಎತ್ತಿಕೊಳ್ಳುವುದು ವಾಡಿಕೆ. ನಾನು ಎತ್ತಿಕೊಂಡಿರುವುದು ಒಂದು ಅರ್ಜಿ ನಮೂನೆಯನ್ನು. ವಿದ್ಯಾರ್ಥಿಗಳಾದ ನೀವು ಪದವಿ ಮುಗಿಸಿದ ಮೇಲೆ ತುಂಬಿ, ಸಹಿ ಹಾಕಿ, ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತಿಗೆ ಸಲ್ಲಿಸುವ ಎನ್ರೋಲ್‌ಮೆಂಟ್ ಅರ್ಜಿ ಅದು. ವಕೀಲರ ಬದುಕಿನ ಮೊದಲ ದಾವೆ ಅದೇ ಎನ್ನಬಹುದು. ಅಲ್ಲಿ ಕಕ್ಷಿದಾರರೂ ನೀವೇ, ವಾದಿಸುವವರೂ ನೀವೇ. ಅದನ್ನು ಮೂರು ಜನರ ಸಮಿತಿ ತೀರ್ಮಾನಿಸುತ್ತದೆ. ಆ ಸಮಿತಿ ‘ಆಗದು’ ಎಂದರೆ ಮುಂದೇನು? ಏನೂ ಹೇಳದೆ ಸುಮ್ಮನೆ ಕೂತರೆ ಮುಂದೇನು? ಈ ಎರಡು ಪ್ರಶ್ನೆಗಳ ನಡುವೆ ಇರುವ ಅಂತರವೇ ಇಂದಿನ ನನ್ನ ವಿಷಯ.

1

ಓದಿಗೆ ಪದವಿ ಕೊಡುವುದು ವಿಶ್ವವಿದ್ಯಾಲಯ. ಆ ಓದಿನಿಂದ ಹೊಟ್ಟೆ ಹೊರೆಯಲು ಅನುಮತಿ ಕೊಡುವ ಸಂಸ್ಥೆ ಬೇರೆ. ವೈದ್ಯರಿಗೆ ವೈದ್ಯಕೀಯ ಪರಿಷತ್ತು, ಫಾರ್ಮಸಿಸ್ಟರಿಗೆ 1948ರ ಫಾರ್ಮಸಿ ಕಾಯ್ದೆಯ ಕೆಳಗಿನ ಪರಿಷತ್ತು, ಲೆಕ್ಕಪರಿಶೋಧಕರಿಗೆ 1949ರ ಕಾಯ್ದೆಯ ಸಂಸ್ಥೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯ ಪರಿಷತ್ತು, ವಕೀಲರಿಗೆ 1961ರ ವಕೀಲರ ಕಾಯ್ದೆಯ ಪರಿಷತ್ತು. ಸಾರ್ವಜನಿಕರನ್ನು ಅರೆಬರೆ ಕಲಿತವರಿಂದ ಕಾಪಾಡುವುದು ಇವುಗಳ ಮೂಲ ಉದ್ದೇಶ. ಆ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಅಪೆಂಡಿಕ್ಸ್ ಯಾವ ಕಡೆ ಇದೆ ಎಂದು ಗೊತ್ತಿಲ್ಲದವನ ಕೈಗೆ ಚಾಕು ಕೊಡಬಾರದು. ವಾಯಿದೆ ಕಾನೂನು ಗೊತ್ತಿಲ್ಲದವನ ಕೈಗೆ ವಕಾಲತ್ತು ಕೊಡಬಾರದು.

ಆದರೆ ಈ ಪರಿಷತ್ತುಗಳಲ್ಲಿ ಕೂತಿರುವವರು ಬಹುಮಟ್ಟಿಗೆ ಅದೇ ವೃತ್ತಿಯವರು. ವೃತ್ತಿಯ ಒಳಹೊರಗು ತಿಳಿದವರೇ ಯೋಗ್ಯತೆ ಅಳೆಯಬೇಕು ಎನ್ನುವುದು ನ್ಯಾಯವೇ. ಹಾಗೆಂದು, ಈಗಾಗಲೇ ಒಳಗೆ ಕೂತವರು ತಮ್ಮ ನಾಳಿನ ಪೈಪೋಟಿಗಾರರಿಗೆ ಬಾಗಿಲು ತೆಗೆಯಬೇಕೋ ಬೇಡವೋ ಎಂದು ನಿರ್ಧರಿಸುತ್ತಿದ್ದಾರೆ ಎಂಬುದನ್ನು ಮರೆಯುವಂತಿಲ್ಲ. ಅಮೆರಿಕದ ನಾರ್ತ್ ಕೆರೋಲಿನಾದಲ್ಲಿ ದಂತವೈದ್ಯರ ಮಂಡಳಿಯ ಎಂಟು ಸದಸ್ಯರಲ್ಲಿ ಆರು ಮಂದಿ ವೃತ್ತಿನಿರತ ದಂತವೈದ್ಯರೇ. ಮಾಲ್‌ಗಳಲ್ಲಿ ಕಡಿಮೆ ಬೆಲೆಗೆ ಹಲ್ಲು ಬಿಳುಪು ಮಾಡಿಕೊಡುತ್ತಿದ್ದವರಿಗೆ ಆ ಮಂಡಳಿ ‘ನಿಲ್ಲಿಸಿ’ ಎಂದು ಪತ್ರ ಬರೆಯತೊಡಗಿತು. ಸರ್ಕಾರದ ನಿಜವಾದ ಮೇಲ್ವಿಚಾರಣೆ ಇಲ್ಲದಿದ್ದರೆ ಇಂಥ ಮಂಡಳಿಗೂ ಪೈಪೋಟಿ ಕಾನೂನು ಅನ್ವಯಿಸುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿ ತೀರ್ಪು ಕೊಟ್ಟಿತು. ಯಾರ ಪ್ರಾಮಾಣಿಕತೆಯನ್ನೂ ಶಂಕಿಸಲು ಈ ಮಾತು ಹೇಳುತ್ತಿಲ್ಲ. ಬಾಗಿಲು ಕಾಯುವ ಕೆಲಸ ವೃತ್ತಿಯವರ ಕೈಯಲ್ಲೇ ಇರುವಾಗ ಅರ್ಜಿ ಹೇಗೆ ಸಾಗುತ್ತದೆ, ಹೇಗೆ ತಿರಸ್ಕೃತವಾಗುತ್ತದೆ ಎಂಬ ವಿಧಿವಿಧಾನ ಇನ್ನಷ್ಟು ಚೊಕ್ಕವಾಗಿರಬೇಕು ಎಂಬುದಷ್ಟೇ ನನ್ನ ಮಾತು.

2

ಸ್ವಲ್ಪ ಹಿಂದಕ್ಕೆ ಹೋಗೋಣ. 1916ರಲ್ಲಿ ಕಲ್ಕತ್ತಾ ಹೈಕೋರ್ಟಿನ ಮುಂದೆ ರೆಜಿನಾ ಗುಹಾ ಎಂಬ ಮಹಿಳೆಯ ಅರ್ಜಿ ಬಂತು. ಎಂ.ಎ., ಬಿ.ಎಲ್. ಮುಗಿಸಿದ್ದ ಆಕೆ ಅಲಿಪುರದ ಜಿಲ್ಲಾ ನ್ಯಾಯಾಲಯದಲ್ಲಿ ಪ್ಲೀಡರ್ ಆಗಲು ಅನುಮತಿ ಕೇಳಿದ್ದರು. ಆಗ ಚಾಲ್ತಿಯಲ್ಲಿದ್ದದ್ದು 1879ರ ಲೀಗಲ್ ಪ್ರಾಕ್ಟೀಷನರ್ಸ್ ಕಾಯ್ದೆ. ಹೆಂಗಸರು ವಕೀಲಿ ಮಾಡಬಾರದೆಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಕಾನೂನಿನಲ್ಲಿ ಪುಲ್ಲಿಂಗ ಬಳಸಿದ ಕಡೆ ಸ್ತ್ರೀಲಿಂಗವೂ ಸೇರುತ್ತದೆ ಎಂಬ ಸಾಮಾನ್ಯ ನಿಯಮವೂ ಇತ್ತು. ಆದರೂ ಐವರು ನ್ಯಾಯಮೂರ್ತಿಗಳ ವಿಶೇಷ ಪೀಠ, ಈ ಕಾಯ್ದೆ ಮಾಡಿದವರ ಮನಸ್ಸಿನಲ್ಲಿ ಹೆಂಗಸರು ಇರಲೇ ಇಲ್ಲ ಎಂದು ಅರ್ಜಿ ತಳ್ಳಿಹಾಕಿತು. 1921ರಲ್ಲಿ ಪಟ್ನಾ ಹೈಕೋರ್ಟಿನಲ್ಲಿ ಸುಧಾಂಶುಬಾಲಾ ಹಾಜರಾ ಅವರ ಅರ್ಜಿಗೂ ಅದೇ ಗತಿಯಾಯಿತು. ಅದೇ ವರ್ಷ ಅಲಹಾಬಾದ್ ಹೈಕೋರ್ಟ್ ಕಾರ್ನೀಲಿಯಾ ಸೊರಾಬ್ಜಿ ಅವರನ್ನು ವಕೀಲರಾಗಿ ನೋಂದಾಯಿಸಿಕೊಂಡಿತು. ಅಂದರೆ ಒಂದೇ ದೇಶ, ಒಂದೇ ವರ್ಷ. ಒಂದು ಊರಿನಲ್ಲಿ ಹೆಣ್ಣು ವಕೀಲಳಾಗಬಹುದು, ಇನ್ನೊಂದು ಊರಿನಲ್ಲಿ ಆಗಬಾರದು.

ಈ ಗೊಂದಲವೇ 1923ರ ಲೀಗಲ್ ಪ್ರಾಕ್ಟೀಷನರ್ಸ್ (ವಿಮೆನ್) ಕಾಯ್ದೆಗೆ ದಾರಿ ಮಾಡಿತು. ಹೆಣ್ಣೆಂಬ ಒಂದೇ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂದು ಅದು ಸ್ಪಷ್ಟಪಡಿಸಿತು. ಕಲ್ಕತ್ತಾ, ಪಟ್ನಾಗಳ ತೀರ್ಪುಗಳು ಅನ್ಯಾಯದವು. ಆದರೆ ಆ ನ್ಯಾಯಾಲಯಗಳು ತಮ್ಮ ‘ಆಗದು’ವಿಗೆ ಕಾರಣ ಬರೆದಿಟ್ಟಿದ್ದವು. ಬರೆದದ್ದರಿಂದಲೇ ಅದು ವರದಿಯಾಯಿತು, ಜನ ಓದಿದರು, ಚರ್ಚೆಯಾಯಿತು, ಶಾಸನಸಭೆಗೆ ಏನನ್ನು ತಿದ್ದಬೇಕೆಂದು ತಿಳಿಯಿತು. ರೆಜಿನಾ ಗುಹಾ ಅವರ ಅರ್ಜಿಯನ್ನು ಯಾರಾದರೂ ಒಬ್ಬ ರಿಜಿಸ್ಟ್ರಾರ್ ಮೇಜಿನ ಖಾನೆಯಲ್ಲಿಟ್ಟು ಮರೆತಿದ್ದರೆ 1923ರ ಕಾಯ್ದೆ ಎಷ್ಟು ವರ್ಷ ತಡವಾಗುತ್ತಿತ್ತೋ! ಕೆಟ್ಟ ಕಾರಣವಾದರೂ ಕಾಗದದ ಮೇಲಿದ್ದರೆ ಅದರ ಜೊತೆ ಗುದ್ದಾಡಬಹುದು.

3

ಈಗ 1961ರ ಕಾಯ್ದೆಗೆ ಬರೋಣ. ಅರ್ಜಿದಾರರಿಗೆ ಏನಿರಬೇಕು ಎಂಬುದು ಕಲಂ 24ರಲ್ಲಿದೆ: ಭಾರತದ ಪೌರತ್ವ, 21 ವರ್ಷ ವಯಸ್ಸು, ಕಾನೂನು ಪದವಿ, ಗೊತ್ತುಪಡಿಸಿದ ಶುಲ್ಕ. ಯಾರು ಬರಬಾರದು ಎಂಬುದು ಕಲಂ 24ಎಯಲ್ಲಿದೆ: ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾದವರು, ಅಸ್ಪೃಶ್ಯತೆ ಆಚರಿಸಿದ್ದಕ್ಕೆ ಶಿಕ್ಷೆಯಾದವರು, ನೈತಿಕ ಅಧಃಪತನದ ಆರೋಪದ ಮೇಲೆ ಸರ್ಕಾರಿ ನೌಕರಿಯಿಂದ ವಜಾ ಆದವರು. ಇದು ಶಾಶ್ವತ ನಿಷೇಧವಲ್ಲ. ಬಿಡುಗಡೆ ಅಥವಾ ವಜಾ ಆಗಿ ಎರಡು ವರ್ಷ ಕಳೆದರೆ ಈ ಅನರ್ಹತೆ ತೀರುತ್ತದೆ.

ಅರ್ಜಿ ಪರಿಷತ್ತಿಗೆ ಬಂದ ಮೇಲೆ ಅದು ಎನ್ರೋಲ್‌ಮೆಂಟ್ ಸಮಿತಿಗೆ ಹೋಗಬೇಕು. ಪರಿಷತ್ತಿನ ಸದಸ್ಯರು ತಮ್ಮೊಳಗಿಂದಲೇ ಆರಿಸಿದ ಮೂವರು ಈ ಸಮಿತಿಯಲ್ಲಿರುತ್ತಾರೆ. ಒಪ್ಪಿದರೆ ಸರಿ. ಒಪ್ಪದಿದ್ದರೆ ಕಲಂ 26 ಒಂದು ಸೊಗಸಾದ ಕಟ್ಟುಪಾಡು ಹಾಕಿದೆ: ಸಮಿತಿ ತಾನೇ ತಿರಸ್ಕರಿಸುವಂತಿಲ್ಲ. ತಿರಸ್ಕರಿಸುವ ಮನಸ್ಸಿದ್ದರೆ ಅದಕ್ಕೆ ಆಧಾರಗಳನ್ನು ಬರೆದು, ಅರ್ಜಿಯನ್ನು ಭಾರತೀಯ ವಕೀಲರ ಪರಿಷತ್ತಿನ ಅಭಿಪ್ರಾಯಕ್ಕೆ ದೆಹಲಿಗೆ ಕಳಿಸಬೇಕು. ಅಲ್ಲಿಂದ ಬಂದ ಅಭಿಪ್ರಾಯದಂತೆಯೇ ನಡೆಯಬೇಕು. ಊರಿನ ಬಾರ್ ಅಸೋಸಿಯೇಷನ್ನಿನ ಗುಂಪುಗಾರಿಕೆ, ಜಾತಿ, ಹಳೆಯ ಮುನಿಸುಗಳು ಹೊಸಬರ ದಾರಿಗೆ ಅಡ್ಡ ಬರಬಾರದೆಂಬ ಎಚ್ಚರ ಇದರಲ್ಲಿ ಕಾಣುತ್ತದೆ. ‘ಆಯಿತು’ ಎನ್ನಲು ಮೂವರು ಸಾಕು, ‘ಆಗದು’ ಎನ್ನಲು ಮೂವರು ಸಾಲದು ಎಂಬ ತತ್ವ ಇದು. ಪರವಾನಗಿ ಕೊಡುವ ಸಂಸ್ಥೆಗಳಲ್ಲಿ ಇಷ್ಟು ಉದಾರವಾದ ಆರಂಭ ಎಲ್ಲ ಕಡೆ ಸಿಗುವುದಿಲ್ಲ.

ಈ ದಾರಿಯಲ್ಲಿ ಒಂದು ಫೈಲು ಹೇಗೆ ನಡೆಯಿತು ನೋಡಿ. ಮಹಾರಾಷ್ಟ್ರದ ಶಸ್ತ್ರವೈದ್ಯರೊಬ್ಬರು, ಡಾ. ಹನಿರಾಜ್ ಚುಲಾನಿ, ಕಾನೂನು ಪದವಿ ಪಡೆದು ವಕೀಲರಾಗಲು ಅರ್ಜಿ ಹಾಕಿದರು. ವೈದ್ಯವೃತ್ತಿ ಬಿಡಲು ಅವರು ಸಿದ್ಧರಿರಲಿಲ್ಲ. ಬೇರೆ ವೃತ್ತಿಯಲ್ಲಿರುವವರು ಅದನ್ನು ಬಿಟ್ಟರೆ ಮಾತ್ರ ಸನ್ನದು ಎಂದು ಆ ರಾಜ್ಯದ ಪರಿಷತ್ತಿನ ನಿಯಮ. ಸಮಿತಿ ತಿರಸ್ಕರಿಸಬೇಕೆಂದುಕೊಂಡಿತು, ಕಾಯ್ದೆಯಂತೆ ದೆಹಲಿಗೆ ಕಳಿಸಿತು, ದೆಹಲಿ ಹೌದೆಂದಿತು, ಅರ್ಜಿ ತಿರಸ್ಕೃತವಾಯಿತು. ಅವರು ಬಾಂಬೆ ಹೈಕೋರ್ಟಿಗೆ ರಿಟ್ ಹಾಕಿದರು, ಅದೂ ವಜಾ. ಸುಪ್ರೀಂ ಕೋರ್ಟಿಗೆ ಹೋದರು. 1996ರಲ್ಲಿ ಸುಪ್ರೀಂ ಕೋರ್ಟ್ ನಿಯಮವನ್ನು ಎತ್ತಿಹಿಡಿಯಿತು: ವಕೀಲಿ ಪೂರ್ತಿ ಸಮಯ ಬೇಡುವ ವೃತ್ತಿ; ಬೆಳಿಗ್ಗೆ ಆಪರೇಷನ್ ಥಿಯೇಟರು, ಮಧ್ಯಾಹ್ನ ಕೋರ್ಟು ಎಂದರೆ ಎರಡು ಕಡೆಯವರಿಗೂ ನಷ್ಟ.

ಫಲಿತಾಂಶ ನಿಮಗೆ ಹಿಡಿಸಬಹುದು, ಹಿಡಿಸದಿರಬಹುದು. ಗಮನಿಸಬೇಕಾದದ್ದು ಆ ವೈದ್ಯರು ಹತ್ತಿದ ಮೆಟ್ಟಿಲುಗಳನ್ನು. ಅವುಗಳಲ್ಲಿ ಅರ್ಜಿದಾರನಿಗೆಂದೇ ವಕೀಲರ ಕಾಯ್ದೆ ಕಟ್ಟಿಕೊಟ್ಟ ಮೇಲ್ಮನವಿ ಒಂದೂ ಇಲ್ಲ. ಹೈಕೋರ್ಟಿಗೆ ಹೋದದ್ದು ಸಂವಿಧಾನದ 226ನೇ ವಿಧಿಯ ಬಲದಿಂದ. ದೆಹಲಿಯ ಅಭಿಪ್ರಾಯವೆಂಬುದು ಮೇಲ್ಮನವಿಯಲ್ಲ. ಅದು ತಿರಸ್ಕಾರದ ಒಳಗಿನ ಒಂದು ಹಂತ. ಕಲಂ 48ಎ ಪ್ರಕಾರ ಮೇಲ್ಮನವಿ ಇಲ್ಲದ ಪ್ರಕರಣಗಳ ಕಡತ ತರಿಸಿ ನೋಡುವ ಪುನರೀಕ್ಷಣೆಯ ಅಧಿಕಾರ ಭಾರತೀಯ ಪರಿಷತ್ತಿಗೆ ಇದೆ, ನಿಜ. ಆದರೆ ಯಾರ ಅಭಿಪ್ರಾಯದಂತೆ ಅರ್ಜಿ ತಿರಸ್ಕೃತವಾಯಿತೋ ಅವರ ಬಳಿಯೇ ಹೋಗಿ ‘ನಿಮ್ಮದು ತಪ್ಪು’ ಎನ್ನಬೇಕು. ತೀರ್ಪಿತ್ತವರ ಬಾಗಿಲಲ್ಲೇ ಮೇಲ್ಮನವಿ ಹಿಡಿದು ನಿಂತಂತೆ.

ಒಮ್ಮೆ ತಿರಸ್ಕೃತವಾದರೆ ಅದರ ನೆರಳೂ ಉದ್ದ. ಅರ್ಜಿದಾರರ ಹೆಸರು, ವಿಳಾಸ, ವಿದ್ಯಾರ್ಹತೆ, ತಿರಸ್ಕಾರದ ಆಧಾರ ಎಲ್ಲವನ್ನೂ ದೇಶದ ಉಳಿದ ಎಲ್ಲ ರಾಜ್ಯ ಪರಿಷತ್ತುಗಳಿಗೆ ತಿಳಿಸಬೇಕು. ಕಲಂ 27ರಂತೆ, ತಿರಸ್ಕರಿಸಿದ ಪರಿಷತ್ತು ಮತ್ತು ಭಾರತೀಯ ಪರಿಷತ್ತು ಎರಡೂ ಲಿಖಿತ ಒಪ್ಪಿಗೆ ಕೊಡದೆ ಬೇರೆ ರಾಜ್ಯದವರು ಆ ಅರ್ಜಿಯನ್ನು ಮುಟ್ಟುವಂತಿಲ್ಲ. ಪರಿಣಾಮ ಇಷ್ಟು ಭಾರವಾಗಿದ್ದಾಗ ಮೇಲ್ಮನವಿಯ ದಾರಿಯೂ ಅಷ್ಟೇ ಅಗಲವಾಗಿರಬೇಕಿತ್ತಲ್ಲವೇ?

4

ಅದೇ ಕಾಯ್ದೆ ಈಗಾಗಲೇ ಒಳಗಿರುವ ವಕೀಲರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂದು ಪಕ್ಕದಲ್ಲಿಟ್ಟು ನೋಡೋಣ. ದುರ್ನಡತೆಯ ದೂರು ಬಂದರೆ ಕಲಂ 35ರಂತೆ ಶಿಸ್ತು ಸಮಿತಿ ನೋಟಿಸು ಕೊಡಬೇಕು, ಅಡ್ವೊಕೇಟ್ ಜನರಲ್‌ಗೂ ತಿಳಿಸಬೇಕು, ಇಬ್ಬರ ವಾದವನ್ನೂ ಕೇಳಬೇಕು. ಕಲಂ 36ಬಿ ಪ್ರಕಾರ ಒಂದು ವರ್ಷದಲ್ಲಿ ತೀರ್ಮಾನವಾಗದಿದ್ದರೆ ಪ್ರಕರಣ ತಾನಾಗಿ ಭಾರತೀಯ ಪರಿಷತ್ತಿಗೆ ವರ್ಗವಾಗುತ್ತದೆ. ಶಿಕ್ಷೆಯಾದರೆ 60 ದಿನಗಳಲ್ಲಿ ಭಾರತೀಯ ಪರಿಷತ್ತಿಗೆ ಮೇಲ್ಮನವಿ, ಅಲ್ಲಿಂದ ಇನ್ನು 60 ದಿನಗಳಲ್ಲಿ ನೇರ ಸುಪ್ರೀಂ ಕೋರ್ಟಿಗೆ. ನಡುವೆ ತಡೆಯಾಜ್ಞೆ ಕೇಳಲೂ ಅವಕಾಶವಿದೆ.

ಯಾರು ಮೇಲ್ಮನವಿ ಹಾಕಬಹುದು ಎಂಬ ಪ್ರಶ್ನೆಯೂ ಇಲ್ಲಿ ಚೆನ್ನಾಗಿ ಚರ್ಚೆಯಾಗಿದೆ. ಮಹಾರಾಷ್ಟ್ರದ ಅಡ್ವೊಕೇಟ್ ಜನರಲ್ ಆಗಿದ್ದ ಎಚ್.ಎಂ. ಸೀರ್ವಾಯಿ ಹಾಕಿದ ಮೇಲ್ಮನವಿಯ ಬಗ್ಗೆ 1970ರಲ್ಲಿ ಸುಪ್ರೀಂ ಕೋರ್ಟಿನ ಬಹುಮತ, ಅವರು ‘ಬಾಧಿತ ವ್ಯಕ್ತಿ’ಯಲ್ಲ, ಮೇಲ್ಮನವಿ ನಿಲ್ಲದು ಎಂದಿತು. ಸಂಸತ್ತು ಸುಮ್ಮನಿರಲಿಲ್ಲ, 1973ರಲ್ಲಿ ತಿದ್ದುಪಡಿ ತಂದು ಅಡ್ವೊಕೇಟ್ ಜನರಲ್ ಅವರನ್ನೂ ಹೆಸರಿಸಿ ಸೇರಿಸಿತು. ಬಳಿಕ ಮುಂಬೈನ ಪೊಲೀಸ್ ಕೋರ್ಟುಗಳ ಅಂಗಳದಲ್ಲಿ ಕಕ್ಷಿದಾರರಿಗಾಗಿ ಮುಗಿಬಿದ್ದು ಜಗ್ಗಾಡುತ್ತಿದ್ದರೆಂಬ ಆರೋಪದ ದಾಭೋಲ್ಕರ್ ಪ್ರಕರಣ ಬಂತು. ರಾಜ್ಯ ಪರಿಷತ್ತು ಶಿಕ್ಷಿಸಿದ್ದವರನ್ನು ಭಾರತೀಯ ಪರಿಷತ್ತಿನ ಸಮಿತಿ ಬಿಟ್ಟುಬಿಟ್ಟಿತ್ತು. ರಾಜ್ಯ ಪರಿಷತ್ತೇ ಮೇಲ್ಮನವಿ ಹಾಕಬಹುದೇ ಎಂಬ ಪ್ರಶ್ನೆಗೆ 1975ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಹೌದು ಎಂದಿತು: ವೃತ್ತಿಯ ಗೌರವ ಕಾಯುವ ಸಂಸ್ಥೆಗೂ ಆ ನೋವು ತಟ್ಟುತ್ತದೆ.

ಹೀಗೆ ಒಳಗಿನವರಿಗೆ, ಅವರ ಮೇಲೆ ದೂರು ಕೊಟ್ಟವರಿಗೆ, ಅಡ್ವೊಕೇಟ್ ಜನರಲ್‌ಗೆ, ಪರಿಷತ್ತಿಗೆ, ಎಲ್ಲರಿಗೂ ಮೆಟ್ಟಿಲುಗಳಿವೆ. ಇನ್ನೊಂದು ಸೂಕ್ಷ್ಮ ಹೇಳುತ್ತೇನೆ. ಸುಳ್ಳು ಹೇಳಿ, ಮೋಸ ಮಾಡಿ ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡವರನ್ನು ತೆಗೆದುಹಾಕುವ ಅಧಿಕಾರ ಕಲಂ 26ರ ಉಪಬಂಧದಲ್ಲಿದೆ. ಹಾಗೆ ತೆಗೆಯುವ ಮುನ್ನ ಅವರ ಅಹವಾಲು ಕೇಳಬೇಕೆಂದು ಅಲ್ಲೇ ಬರೆದಿದೆ. ಅಂದರೆ ಸುಳ್ಳು ಹೇಳಿ ಒಳಗೆ ಬಂದವನಿಗೆ ಮಾತಾಡುವ ಹಕ್ಕನ್ನು ಅಕ್ಷರದಲ್ಲಿ ಕೊಟ್ಟಿರುವ ಕಾಯ್ದೆ, ನಿಜ ಹೇಳಿ ಬಾಗಿಲಲ್ಲಿ ನಿಂತವನಿಗೆ ಅಂಥ ಒಂದು ಸಾಲನ್ನೂ ಬರೆದಿಲ್ಲ. ಸಹಜ ನ್ಯಾಯದ ತತ್ವವನ್ನು ನ್ಯಾಯಾಲಯಗಳು ಕಾಯ್ದೆಯ ಮೌನದೊಳಗೂ ಓದಿಕೊಳ್ಳುತ್ತವೆ ಎಂಬುದು ನಿಜ. ಆದರೆ ಅದನ್ನು ಓದಿಸಲು ರಿಟ್ ಹಾಕಬೇಕು. ಇನ್ನೂ ಸನ್ನದಿಲ್ಲದವರು ಸನ್ನದಿದ್ದವರಿಗೆ ಫೀಸು ಕೊಡಬೇಕು.

5

ಇಷ್ಟು ಹೊತ್ತು ‘ಆಗದು’ ಎಂದವರ ಬಗ್ಗೆ ಮಾತಾಡಿದೆ. ‘ಆಗದು’ ಎನ್ನದೆಯೇ ತಡೆಯುವ ದಾರಿಗಳೂ ಇವೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತು ತಿಂದು, ‘ಊರಿಗೆ ಹೋಗಿ ತಿಳಿಸುತ್ತೇವೆ’ ಎಂದು ಹೊರಟರೆ ಮನೆಯವರಿಗೆ ಅರ್ಥವಾಗಿಬಿಡುತ್ತದೆ. ಬೇಡವೆಂದು ಅವರು ಎಲ್ಲೂ ಹೇಳಿಲ್ಲ. ಆದ್ದರಿಂದ ಯಾಕೆ ಬೇಡ ಎಂದು ಕೇಳುವಂತೆಯೂ ಇಲ್ಲ. ಪರವಾನಗಿ ಕಚೇರಿಗಳಲ್ಲಿ ಇದರ ರೂಪ ನಿಮಗೆ ಗೊತ್ತು: ‘ಫೈಲು ಪೆಂಡಿಂಗ್ ಇದೆ’, ‘ಕಮಿಟಿ ಮೀಟಿಂಗ್ ಆಗಿಲ್ಲ’, ‘ಯೂನಿವರ್ಸಿಟಿಯಿಂದ ವೆರಿಫಿಕೇಷನ್ ಬಂದಿಲ್ಲ’, ‘ಇನ್ನೊಂದು ಅಫಿಡವಿಟ್ ತನ್ನಿ’. ಪ್ರತಿಯೊಂದಕ್ಕೂ ಒಂದು ಸಕಾರಣ ಇರಬಹುದು. ಒಟ್ಟಿನಲ್ಲಿ ನೋಡಿದರೆ ಬೀದರಿನ ಹುಡುಗಿಯೊಬ್ಬಳು ಬೆಂಗಳೂರಿಗೆ ಮತ್ತೊಮ್ಮೆ ರಾತ್ರಿ ಬಸ್ಸು ಹತ್ತಬೇಕು. ಆಕೆಗೆ ಯಾರೂ ‘ಆಗದು’ ಎಂದಿಲ್ಲ. ಹಾಗಾಗಿ ಕಲಂ 26ರ ಆ ಸೊಗಸಾದ ರಕ್ಷಣೆ ಆಕೆಯ ನೆರವಿಗೆ ಬರುವುದೇ ಇಲ್ಲ. ದೆಹಲಿಗೆ ಆಧಾರ ಬರೆದು ಕಳಿಸಬೇಕಾದದ್ದು ತಿರಸ್ಕರಿಸುವಾಗ. ಸುಮ್ಮನಿರುವುದಕ್ಕೆ ಯಾರ ಅಭಿಪ್ರಾಯವೂ ಬೇಕಿಲ್ಲ.

ದುಡ್ಡೂ ಹಾಗೆಯೇ. ಕಾಯ್ದೆಯಲ್ಲಿ ನೋಂದಣಿ ಶುಲ್ಕ ರಾಜ್ಯ ಪರಿಷತ್ತಿಗೆ 600 ರೂಪಾಯಿ, ಭಾರತೀಯ ಪರಿಷತ್ತಿಗೆ 150 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 100 ಮತ್ತು 25. ಸ್ಟಾಂಪ್ ಶುಲ್ಕ ಬೇರೆ. ಆದರೆ ಗ್ರಂಥಾಲಯ ನಿಧಿ, ಕಲ್ಯಾಣ ನಿಧಿ, ಕಟ್ಟಡ ನಿಧಿ, ಗುರುತಿನ ಚೀಟಿ, ತರಬೇತಿ ಎಂದು ಸೇರಿಸುತ್ತಾ ಹೋಗಿ ಹಲವು ರಾಜ್ಯಗಳಲ್ಲಿ ಅದು 15,000ದಿಂದ 42,000 ರೂಪಾಯಿವರೆಗೆ ಬೆಳೆದಿತ್ತು. 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆಯಲ್ಲಿ ಬರೆದದ್ದಕ್ಕಿಂತ ಒಂದು ಪೈಸೆ ಹೆಚ್ಚು ಪಡೆಯುವಂತಿಲ್ಲ ಎಂದಿತು. ಇಂಥ ಶುಲ್ಕ ಸಮಾಜದ ಅಂಚಿನಲ್ಲಿರುವವರನ್ನು ವೃತ್ತಿಯಿಂದ ಹೊರಗಿಡುತ್ತದೆ, ಸಮಾನತೆಗೂ ವೃತ್ತಿ ಸ್ವಾತಂತ್ರ್ಯಕ್ಕೂ ಧಕ್ಕೆ ತರುತ್ತದೆ ಎಂದು ಕಾರಣ ಕೊಟ್ಟಿತು. ತೀರ್ಪು ಮುಂದಿನ ಅರ್ಜಿಗಳಿಗೆ ಮಾತ್ರ ಅನ್ವಯ. ಹಿಂದೆ ಕಟ್ಟಿದವರಿಗೆ ವಾಪಸಿಲ್ಲ. ನೋಂದಣಿಯಾದ ಮೇಲೆ ಕೊಡುವ ಸೇವೆಗಳಿಗೆ ಪರಿಷತ್ತು ಹಣ ಪಡೆಯಬಹುದು ಎಂಬ ದಾರಿಯನ್ನೂ ಬಿಟ್ಟಿತು.

ವಿಷಯ ಅಲ್ಲಿಗೇ ಮುಗಿಯಲಿಲ್ಲ. ನಮ್ಮ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು ‘ಐಚ್ಛಿಕ’ ಎಂದು ಬೇರೆ ಮೊತ್ತ ಪಡೆಯುತ್ತಿದೆ ಎಂಬ ನ್ಯಾಯಾಂಗ ನಿಂದನೆ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಆಗಸ್ಟಿನಲ್ಲಿ ನ್ಯಾಯಾಲಯ, ಐಚ್ಛಿಕ ಶುಲ್ಕವೆಂಬುದೇ ಇಲ್ಲ, ಪಡೆಯುತ್ತಿದ್ದರೆ ನಿಲ್ಲಿಸಿ ಎಂದು ಸ್ಪಷ್ಟವಾಗಿ ಹೇಳಿತು. ಸನ್ನದಿಗಾಗಿ ಕೈಚಾಚಿ ನಿಂತವರಿಗೆ ಕೌಂಟರಿನಲ್ಲಿ ‘ಇದು ನಿಮ್ಮ ಇಷ್ಟ’ ಎಂದರೆ ಯಾರಿಗೆ ತಾನೇ ಬೇಡವೆನ್ನುವ ಧೈರ್ಯ ಬರುತ್ತದೆ?

ನಿಯಮಗಳ ಮೂಲಕ ಬಾಗಿಲು ಹಾಕಿದ ಉದಾಹರಣೆಯೂ ಇದೆ. 45 ವರ್ಷ ದಾಟಿದವರನ್ನು ನೋಂದಾಯಿಸಿಕೊಳ್ಳುವುದಿಲ್ಲ ಎಂದು ಭಾರತೀಯ ಪರಿಷತ್ತು ನಿಯಮ ಮಾಡಿತ್ತು. ಕಾಯ್ದೆಯಲ್ಲಿ ಕನಿಷ್ಠ ವಯಸ್ಸಿದೆಯೇ ಹೊರತು ಗರಿಷ್ಠ ವಯಸ್ಸಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದುಮಾಡಿತು. ಶುಲ್ಕ, ವಯಸ್ಸು ಎರಡರ ಪ್ರಕರಣಗಳಲ್ಲೂ ಒಂದು ಸಾಮ್ಯವಿದೆ: ತಡೆ ಎದುರಾದದ್ದು ಸಾವಿರಾರು ಜನರಿಗೆ, ಅದನ್ನು ತೆಗೆಸಲು ಕೊನೆಗೆ ಯಾರೋ ಕೆಲವರು ದೆಹಲಿಯವರೆಗೆ ಹೋಗಬೇಕಾಯಿತು. ಹತ್ತಿರದಲ್ಲಿ ಒಂದು ಮೇಲ್ಮನವಿ ಕಟ್ಟೆ ಇದ್ದಿದ್ದರೆ ಇಂಥ ಪ್ರಶ್ನೆಗಳು ಎಷ್ಟೋ ಮುಂಚೆ ಮೇಲೇಳುತ್ತಿದ್ದವು.

6

ಪರಿಷತ್ತಿನ ಕಡೆಯ ಮಾತನ್ನೂ ಹೇಳದೆ ಹೋದರೆ ಅದು ಏಕಪಕ್ಷೀಯ ವಿಚಾರಣೆಯಾದೀತು. ನಕಲಿ ಪದವಿ ಹಿಡಿದು ಕಪ್ಪು ಕೋಟು ತೊಟ್ಟವರ ಸಮಸ್ಯೆ ಕಟ್ಟುಕಥೆಯಲ್ಲ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ವಕೀಲರ ಪದವಿಗಳ ಪರಿಶೀಲನೆಗೆ ಉನ್ನತ ಸಮಿತಿಯೊಂದನ್ನು ನೇಮಿಸಿ, ವಿಶ್ವವಿದ್ಯಾಲಯಗಳು ಶುಲ್ಕ ಕೇಳದೆ ಪರಿಶೀಲಿಸಿ ಕೊಡಬೇಕೆಂದಿತು. ಪರಿಶೀಲನೆ ಎಂದರೆ ಸಮಯ ಹಿಡಿಯುತ್ತದೆ. ಪರೀಕ್ಷೆಯ ಮಾತೂ ಹಾಗೆಯೇ. ನೋಂದಣಿಗೆ ಮುಂಚಿನ ತರಬೇತಿಯ ನಿಯಮವನ್ನು 1999ರಲ್ಲಿ ವಿ. ಸುಧೀರ್ ಪ್ರಕರಣ ರದ್ದುಮಾಡಿತ್ತು. 2023ರ ಫೆಬ್ರವರಿಯಲ್ಲಿ ಸಂವಿಧಾನ ಪೀಠ ಆ ನಿಲುವು ಸರಿಯಲ್ಲವೆಂದು ಹೇಳಿ, ಅಖಿಲ ಭಾರತ ಬಾರ್ ಪರೀಕ್ಷೆ ನಡೆಸುವ ಅಧಿಕಾರ ಪರಿಷತ್ತಿಗಿದೆ ಎಂದಿತು. ಅದು ನೋಂದಣಿಗೆ ಮೊದಲೋ ಆಮೇಲೋ ಎಂಬುದನ್ನೂ ಪರಿಷತ್ತಿಗೇ ಬಿಟ್ಟಿತು.

ಈ ಬಿಗಿ ನನಗೆ ಒಪ್ಪಿಗೆ. ಯೋಗ್ಯತೆಯ ಅಳತೆಗೋಲು ಎಷ್ಟು ಎತ್ತರವಿದ್ದರೂ ಇರಲಿ. ಅದು ಎಲ್ಲರ ಕಣ್ಣಿಗೆ ಕಾಣುವಂತಿರಲಿ, ಎಷ್ಟು ಇಂಚು ಕಡಿಮೆಯಾಯಿತು ಎಂದು ಅರ್ಜಿದಾರರಿಗೆ ಹೇಳುವಂತಿರಲಿ. ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಷ್ಟು ಹಿಂದೆಯೇ ಹೇಳಿದೆ: ಶಾಸನಬದ್ಧ ಸಂಸ್ಥೆಯ ಆದೇಶ ನಿಲ್ಲಬೇಕಾದದ್ದು ಅದರೊಳಗೆ ಬರೆದ ಕಾರಣದ ಮೇಲೆ, ಕೋರ್ಟಿಗೆ ಬಂದ ಮೇಲೆ ಅಫಿಡವಿಟ್ಟಿನಲ್ಲಿ ಹೊಸ ಕಾರಣ ತುಂಬುವಂತಿಲ್ಲ. ಈ ಒಂದು ಮಾತನ್ನು ಪ್ರತಿ ಎನ್ರೋಲ್‌ಮೆಂಟ್ ಸಮಿತಿಯ ಮೇಜಿನ ಮೇಲೆ ಫ್ರೇಮು ಹಾಕಿಸಿ ಇಡಬಹುದು.

7

ಬೇರೆ ಕಡೆ ಹೇಗಿದೆ? ನ್ಯೂಯಾರ್ಕಿನ ವಿಲ್ನರ್ ಎಂಬವರು 1936ರಲ್ಲಿ ಬಾರ್ ಪರೀಕ್ಷೆ ಪಾಸಾದರು. ನಡತೆ ಪರಿಶೀಲಿಸುವ ಸಮಿತಿ 1938ರಲ್ಲಿ ಅವರ ಯೋಗ್ಯತೆ ತನಗೆ ಮನವರಿಕೆಯಾಗಿಲ್ಲ ಎಂದು ವರದಿ ಕೊಟ್ಟಿತು. ಮತ್ತೆ ಮತ್ತೆ ಕೇಳಿಕೊಂಡರೂ ಬಾಗಿಲು ತೆರೆಯಲಿಲ್ಲ. ಸಹವೃತ್ತಿಯವರೊಬ್ಬರು ಅವರ ವಿರುದ್ಧ ಬರೆದಿದ್ದ ಪತ್ರವೊಂದರ ಮಾತು ಬಂದಿತ್ತು. ಬರೆದವರನ್ನು ಎದುರು ನಿಲ್ಲಿಸಿ ಪ್ರಶ್ನಿಸುವ ಅವಕಾಶ ಅವರಿಗೆ ಸಿಕ್ಕಿರಲಿಲ್ಲ. 1963ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ವೃತ್ತಿಗೆ ಪ್ರವೇಶ ನಿರಾಕರಿಸುವಾಗ ಆಧಾರ ತಿಳಿಸಿ, ಎದುರಿಸುವ ಅವಕಾಶ ಕೊಡಲೇಬೇಕು ಎಂದಿತು. ಪರೀಕ್ಷೆ ಪಾಸಾದಾಗಿನಿಂದ ಅಷ್ಟು ಹೊತ್ತಿಗೆ 27 ವರ್ಷ ಕಳೆದಿತ್ತು.

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ ಕೆನಡಾದ ಒಂಟಾರಿಯೊಗೆ ಹೋದ ನಮ್ಮ ಹುಡುಗರನ್ನು ಕೇಳಿ. ಇಲ್ಲಿ ಎಂಜಿನಿಯರ್ ಎನ್ನಿಸಿಕೊಳ್ಳಲು ಪದವಿ ಸಾಕು. ಅಲ್ಲಿ ಪರವಾನಗಿ ಬೇಕು. ಹೊರದೇಶದಲ್ಲಿ ಕಲಿತವರಿಗೆ ಕಾಯುವುದೇ ಕಾಯಕವಾಗುತ್ತಿದೆ ಎಂದು ಕಂಡಾಗ ಆ ಪ್ರಾಂತ್ಯ 2006ರಲ್ಲಿ ಒಂದು ಕಾಯ್ದೆ ತಂದಿತು. ತೀರ್ಮಾನವನ್ನು ನ್ಯಾಯಸಮ್ಮತ ಅವಧಿಯಲ್ಲಿ ಕೊಡಬೇಕು, ಬರಹದಲ್ಲಿ ಕೊಡಬೇಕು, ಕಾರಣ ಕೊಡಬೇಕು, ಪುನರ್‌ಪರಿಶೀಲನೆ ಅಥವಾ ಮೇಲ್ಮನವಿಗೆ ದಾರಿ ಇರಬೇಕು. ಮೊದಲ ತೀರ್ಮಾನದಲ್ಲಿ ಕೂತವರು ಪುನರ್‌ಪರಿಶೀಲನೆಯಲ್ಲಿ ಕೂರುವಂತಿಲ್ಲ. ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ಆಯುಕ್ತರನ್ನೂ ನೇಮಿಸಿದೆ.

ನಮ್ಮಲ್ಲೇ ವೈದ್ಯರ ವಿಷಯ ತುಸು ಭಿನ್ನ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಲ್ಲಿ ರಾಜ್ಯ ಪರಿಷತ್ತು ಶಿಸ್ತುಕ್ರಮ ಕೈಗೊಂಡರೆ ವೈದ್ಯರು ಮೊದಲು ನೀತಿ ಮಂಡಳಿಗೆ, ಅಲ್ಲಿಂದ 60 ದಿನಗಳಲ್ಲಿ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಆ ಕಲಂನಲ್ಲಿರುವುದು ‘ವೈದ್ಯರು’ ಮಾತ್ರ. ದೂರು ಕೊಟ್ಟ ರೋಗಿಗೆ ಅಥವಾ ಸತ್ತವರ ಮನೆಯವರಿಗೆ ಅಲ್ಲಿ ಜಾಗವಿಲ್ಲ. ಹಳೆಯ ಮೆಡಿಕಲ್ ಕೌನ್ಸಿಲ್ಲಿನ ನಿಯಮಗಳಲ್ಲಿ ‘ಬಾಧಿತರಾದ ಯಾರೇ ಆದರೂ’ ಎಂಬ ಮಾತಿತ್ತು. ಹೊಸದಾಗಿ ಬರೆಯುವಾಗ ಬಾಗಿಲು ಕಿರಿದಾಯಿತು. ಇದೂ ನಾನು ಹೇಳುತ್ತಿರುವ ಕಾಯಿಲೆಯೇ: ಒಳಗಿನವರ ಹಕ್ಕು ಬರೆಯುವಾಗ ಶಾಸನದ ಲೇಖನಿ ಉದಾರವಾಗುತ್ತದೆ, ಹೊರಗಿನವರ ಸರದಿ ಬಂದಾಗ ಶಾಯಿ ಒಣಗುತ್ತದೆ.

8

ಮದ್ದು ಹುಡುಕಲು ಕೆನಡಾದವರೆಗೆ ಹೋಗಬೇಕಾಗಿಲ್ಲ. ಕರ್ನಾಟಕವೇ 2011ರಲ್ಲಿ ಸಕಾಲ ಎಂದು ಎಲ್ಲರೂ ಕರೆಯುವ ನಾಗರಿಕ ಸೇವಾ ಖಾತರಿ ಕಾಯ್ದೆ ಮಾಡಿದೆ. ಜಾತಿ ಪ್ರಮಾಣಪತ್ರಕ್ಕೋ ಜನನ ಪ್ರಮಾಣಪತ್ರಕ್ಕೋ ಅರ್ಜಿ ಕೊಟ್ಟರೆ ಒಂದು ಸ್ವೀಕೃತಿ ಸಂಖ್ಯೆ ಸಿಗುತ್ತದೆ. ಇಷ್ಟು ದಿನದಲ್ಲಿ ಕೊಡಬೇಕು ಎಂಬ ಗಡುವಿದೆ. ತಿರಸ್ಕರಿಸಿದರೂ ಮೇಲ್ಮನವಿ ಹಾಕಬಹುದು, ಗಡುವು ಮೀರಿದರೂ ಹಾಕಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರ ಕೇಳಬಹುದು. ಮೊತ್ತ ನೋಡಿ ನಗಬೇಡಿ. ಆ 20 ರೂಪಾಯಿಯ ಹಿಂದಿನ ವಿಚಾರ ದೊಡ್ಡದು: ಕಚೇರಿಯ ಮೌನವನ್ನೂ ಒಂದು ತೀರ್ಮಾನವೆಂದು ಎಣಿಸಿ, ಅದರ ವಿರುದ್ಧ ಮೇಲ್ಮನವಿಗೆ ದಾರಿ ತೆರೆದಿದೆ. ಸಕಾಲ ಇರುವುದು ಸರ್ಕಾರಿ ಇಲಾಖೆಗಳ, ಸ್ಥಳೀಯ ಸಂಸ್ಥೆಗಳ ಸೇವೆಗಳಿಗಾಗಿ. ಆದರೆ ಅದರ ವಿಚಾರವನ್ನು ಯಾವ ವೃತ್ತಿ ಪರಿಷತ್ತು ಬೇಕಾದರೂ ತನ್ನ ನಿಯಮಗಳಲ್ಲಿ ಬರೆದುಕೊಳ್ಳಬಹುದು.

ಯುರೋಪಿನ ಒಕ್ಕೂಟ 2006ರ ಸೇವಾ ನಿರ್ದೇಶನದಲ್ಲಿ ಇನ್ನೂ ಮುಂದೆ ಹೋಯಿತು: ಗಡುವಿನೊಳಗೆ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿದಂತೆಯೇ ಎಂಬುದು ಅಲ್ಲಿನ ಸಾಮಾನ್ಯ ನಿಯಮ. ಸಾರ್ವಜನಿಕ ಹಿತ ಮುಂತಾದ ಕಾರಣಕ್ಕೆ ವಿನಾಯಿತಿಗಳಿವೆ. ವಕೀಲಿಗೆ, ವೈದ್ಯಕೀಯಕ್ಕೆ ಇದು ಒಗ್ಗದು ಎಂದೇ ನನ್ನ ಅನಿಸಿಕೆ. ಗುಮಾಸ್ತರ ಮರೆವಿನಿಂದ ಯಾರೂ ಡಾಕ್ಟರಾಗಬಾರದು. ಗಡುವು ಮೀರಿದರೆ ತಿರಸ್ಕಾರವಾಯಿತೆಂದು ಎಣಿಸಿ ಮೇಲ್ಮನವಿಗೆ ಬಿಡುವ ಸಕಾಲದ ದಾರಿಯೇ ಇಲ್ಲಿ ಹಿತ.

ಆದ್ದರಿಂದ ನನ್ನ ಬೇಡಿಕೆ ನಾಲ್ಕು. ಒಂದು, ಎನ್ರೋಲ್‌ಮೆಂಟ್ ಅರ್ಜಿಗೆ ಸ್ವೀಕೃತಿ ಸಂಖ್ಯೆ ಮತ್ತು ಗಡುವು. ದಾಖಲೆಯ ಕೊರತೆಗಳನ್ನೆಲ್ಲ ಒಂದೇ ಪತ್ರದಲ್ಲಿ ತಿಳಿಸಬೇಕು, ಕಂತಿನಲ್ಲಿ ಅಲ್ಲ. ಎರಡು, ತಿರಸ್ಕಾರದ ಪ್ರಸ್ತಾವ ದೆಹಲಿಗೆ ಹೋಗುವ ಮುನ್ನ ಅದರ ಪ್ರತಿ ಅರ್ಜಿದಾರರ ಕೈಗೆ ಸಿಗಬೇಕು, ಅವರ ಉತ್ತರವೂ ಅದೇ ಲಕೋಟೆಯಲ್ಲಿ ಹೋಗಬೇಕು. ಮೂರು, ತಿರಸ್ಕಾರದ ವಿರುದ್ಧವೂ ಗಡುವು ಮೀರಿದ ಮೌನದ ವಿರುದ್ಧವೂ 60 ದಿನಗಳ ಮೇಲ್ಮನವಿ. ಅದನ್ನು ಕೇಳುವ ಪೀಠದಲ್ಲಿ ಅಭಿಪ್ರಾಯ ಕೊಟ್ಟವರಾರೂ ಇರಬಾರದು, ವೃತ್ತಿಯ ಹೊರಗಿನವರೊಬ್ಬರಾದರೂ ಇರಬೇಕು. ನಾಲ್ಕು, ಹೆಸರು ಮರೆಮಾಡಿ ತಿರಸ್ಕಾರದ ಕಾರಣಗಳನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಮುಂದಿನವರು ಅದನ್ನು ಓದಿ ತಯಾರಾಗಲಿ. ಒಂದೇ ಬಗೆಯ ಎರಡು ಅರ್ಜಿಗಳಿಗೆ ಎರಡು ಬಗೆಯ ಉತ್ತರ ಬಂದಿದ್ದರೆ ಅದೂ ಬೆಳಕಿಗೆ ಬರಲಿ. ಮೊದಲನೆಯದಕ್ಕೆ, ಎರಡನೆಯದಕ್ಕೆ, ನಾಲ್ಕನೆಯದಕ್ಕೆ ಸಂಸತ್ತು ಬೇಕಿಲ್ಲ, ಪರಿಷತ್ತಿನ ಒಂದು ನಿರ್ಣಯ ಸಾಕು. ಮೂರನೆಯದಕ್ಕೆ ಕಾಯ್ದೆ ತಿದ್ದಬೇಕು. ಅಡ್ವೊಕೇಟ್ ಜನರಲ್‌ಗಾಗಿ 1973ರಲ್ಲಿ ತಿದ್ದಲು ಸಾಧ್ಯವಾದದ್ದು ಹೊಸ ಪದವೀಧರರಿಗಾಗಿ ಏಕೆ ಸಾಧ್ಯವಿಲ್ಲ?

ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ನಿಮ್ಮಲ್ಲಿ ಬಹುಪಾಲು ಮಂದಿಗೆ ಸನ್ನದು ತೊಂದರೆಯಿಲ್ಲದೆ ಸಿಗುತ್ತದೆ. ಸಿಕ್ಕ ದಿನವೇ ಈ ವಿಷಯ ಮರೆತುಹೋಗುತ್ತದೆ. ಅದು ಮನುಷ್ಯ ಸಹಜ. ಈ ಸುಧಾರಣೆ ಇಷ್ಟು ವರ್ಷ ನಿಂತಲ್ಲೇ ನಿಂತಿರುವುದಕ್ಕೂ ಅದೇ ಕಾರಣ. ಹೊರಗಿದ್ದಾಗ ಕೇಳಲು ಮತವಿಲ್ಲ, ಒಳಗೆ ಬಂದ ಮೇಲೆ ಕೇಳುವ ಅಗತ್ಯವಿಲ್ಲ. ಪರಿಷತ್ತಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ನಿಮಗೆ ಬರಲಿದೆ. ಮತ ಕೇಳಿಕೊಂಡು ಬರುವವರು ಕಲ್ಯಾಣ ನಿಧಿ, ಚೇಂಬರು, ವಿಮೆಯ ಭರವಸೆ ಕೊಡುತ್ತಾರೆ. ಅವು ಬೇಕಾದವೇ. ಅವರ ಮಾತು ಮುಗಿದ ಮೇಲೆ ಇದೊಂದನ್ನೂ ಕೇಳಿ: ‘ಸ್ವಾಮಿ, ಇನ್ನೂ ಒಳಗೆ ಬರದವರ ಅರ್ಜಿಗೆ ನಿಮ್ಮ ಗಡುವು ಎಷ್ಟು ದಿನ?’ ಉತ್ತರ ಕೊಟ್ಟವರಿಗೆ ಮತ ಕೊಡಿ. ಊರಿಗೆ ಹೋಗಿ ತಿಳಿಸುತ್ತೇವೆ ಎಂದವರಿಗೆ ಬೇಡ.